ಟ್ರ್ಯಾಕ್ಟರಿನಿಂದ ಲಾರಿಗೆ: ಹೊಸ ಚಾಲಕರು ತಿಳಿದಿರಬೇಕಾದ ಸಂಗತಿಗಳು

ಗಂಗಾವತಿ ತಾಲೂಕಿನ ಹನುಮನಹಳ್ಳಿ, ಆನೆಗೊಂದಿ ಭಾಗವು ತುಂಗಭದ್ರೆಯ ಎಡದಂಡೆಯ ಮೇಲಿದೆ. ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರಿನಿಂದ ಇಲ್ಲಿ ಭತ್ತ ಮತ್ತು ಬಾಳೆಯ ಬೇಸಾಯ ನಡೆದುಬಂದಿದೆ. ಈ ಸೀಮೆಯ ಅನೇಕ ತರುಣರು ಮೊದಲು ಸ್ಟೇರಿಂಗ್ ಹಿಡಿಯುವುದು ಹೊಲದಲ್ಲಿಯೇ. ರೊಳ್ಳೆ ಹೊಡೆಯುವುದು, ಗೊಬ್ಬರ ಸಾಗಿಸುವುದು, ಕೊಯ್ಲಾದ ಭತ್ತವನ್ನು ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಿಗೆ ಮುಟ್ಟಿಸುವುದು ಇವೆಲ್ಲ ಅವರಿಗೆ ರೂಢಿಯಾದ ಕೆಲಸಗಳು. ಮನೆಯ ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಎಲ್ಲರಿಗೂ ಕೆಲಸ ಸಾಲದಾದಾಗ, ಟ್ರ್ಯಾಕ್ಟರ್ ಬಲ್ಲ ತರುಣನಿಗೆ ಮೊದಲು ಹೊಳೆಯುವ ಉದ್ಯೋಗ ಲಾರಿ ಚಾಲನೆ.

ನೀರಿನ ಅನಿಶ್ಚಿತತೆಯೂ ಇದಕ್ಕೆ ಇನ್ನೊಂದು ಕಾರಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ತುಂಬಿದ ಜಲಾಶಯದಿಂದ ಅಪಾರ ನೀರು ಹೊಳೆಯ ಪಾಲಾಯಿತು. ಎರಡನೆಯ ಬೆಳೆಯ ಭರವಸೆ ಎಲ್ಲ ವರ್ಷವೂ ಇರುವುದಿಲ್ಲವೆಂಬುದು ಅಚ್ಚುಕಟ್ಟಿನ ರೈತರಿಗೆ ಗೊತ್ತಿರುವ ಮಾತೇ. ಇಂಥ ಕಾಲದಲ್ಲಿ ಚಾಲಕ ವೃತ್ತಿಯು ರೈತ ಕುಟುಂಬಕ್ಕೆ ಆಸರೆಯಾಗಬಲ್ಲದು. ಆದರೆ ಅವಸರದಲ್ಲಿ ಹಿಡಿದರೆ ಅದೇ ವೃತ್ತಿಯು ಜೀವಕ್ಕೂ ಜಮೀನಿಗೂ ಎರವಾಗಬಹುದು. ಆದುದರಿಂದ ಈ ಉದ್ಯೋಗಕ್ಕೆ ಇಳಿಯುವವರು ಮೊದಲ ಎರಡು ವರ್ಷಗಳನ್ನು ಗಳಿಕೆಯ ಕಾಲವೆಂದು ಎಣಿಸದೆ ಕಲಿಕೆಯ ಕಾಲವೆಂದು ಎಣಿಸುವುದು ಲೇಸು.

ಟ್ರ್ಯಾಕ್ಟರ್ ಬೇರೆ, ಲಾರಿ ಬೇರೆ

ಟ್ರ್ಯಾಕ್ಟರ್ ಹೊಡೆಯಬಲ್ಲವನಿಗೆ ಲಾರಿ ಸುಲಭವೆಂಬ ಭಾವನೆ ಹಳ್ಳಿಗಳಲ್ಲಿದೆ. ಗೇರು, ಕ್ಲಚ್ಚುಗಳ ಪರಿಚಯ ಇರುವುದು ನಿಜ. ಆದರೆ ಮೂರು ವಿಷಯಗಳಲ್ಲಿ ಲಾರಿಯು ಪೂರಾ ಬೇರೆ.

ಮೊದಲನೆಯದು ವೇಗ. ಟ್ರ್ಯಾಕ್ಟರ್ ಓಡುವುದು ಗಂಟೆಗೆ 20-30 ಕಿ.ಮೀ. ವೇಗದಲ್ಲಿ. ಲಾರಿ 60 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ ಎಮ್ಮೆ ಕಂಡು ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿಯೇ ಇಷ್ಟು ದೂರ ಕಳೆದಿರುತ್ತದೆ. ಬ್ರೇಕ್ ಹಿಡಿದ ಮೇಲೂ, ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ.

ಎರಡನೆಯದು ಬ್ರೇಕು. ದೊಡ್ಡ ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಎಂಜಿನ್ ಚಾಲೂ ಮಾಡಿದ ಮೇಲೆ ಟ್ಯಾಂಕಿನಲ್ಲಿ ಗಾಳಿ ತುಂಬಿ ಮಾಪಕದ ಮುಳ್ಳು ಸರಿಯಾದ ಗುರುತಿಗೆ ಬರುವವರೆಗೆ ವಾಹನವನ್ನು ಕದಲಿಸಕೂಡದು.

ಮೂರನೆಯದು ಉದ್ದ. ಲಾರಿ ತಿರುಗುವಾಗ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲಿ ಬರುವುದಿಲ್ಲ, ಒಳಬದಿಗೆ ಸರಿಯುತ್ತವೆ. ಹಳ್ಳಿಯ ಇಕ್ಕಟ್ಟಾದ ತಿರುವಿನಲ್ಲಿ ಮನೆಯ ಕಟ್ಟೆಗಾಗಲಿ, ಬದಿಯಲ್ಲಿ ನಿಂತ ಸೈಕಲ್ಲಿಗಾಗಲಿ ತಾಗುವುದು ಇದೇ ಕಾರಣದಿಂದ. ಅಲ್ಲದೆ ಚಾಲಕನ ಎಡಗಡೆ, ಬಂಪರಿನ ಕೆಳಗೆ ಮತ್ತು ಲಾರಿಯ ನೇರ ಹಿಂದೆ ನಿಂತವರು ಕನ್ನಡಿಯಲ್ಲಿಯೂ ಕಾಣಿಸದೆ ಹೋಗಬಹುದು. ಕಣದಲ್ಲಿ ಅಥವಾ ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ ಕ್ಲೀನರ್ ಕೆಳಗಿಳಿದು ದಾರಿ ತೋರಿಸಲೇಬೇಕು. ಮಕ್ಕಳು ಆಡುವ ಜಾಗವಾದರೆ ಚಾಲಕನೂ ಒಮ್ಮೆ ಇಳಿದು ಸುತ್ತ ನೋಡಿ ಬರಬೇಕು.

ಲೈಸೆನ್ಸು ಪಡೆಯುವ ಕ್ರಮ

1988ರ ಮೋಟಾರು ವಾಹನ ಕಾಯ್ದೆಯಂತೆ 18 ವರ್ಷ ತುಂಬಿದವರು ಲಘು ಮೋಟಾರು ವಾಹನದ ಲೈಸೆನ್ಸು ಪಡೆಯಬಹುದು. ಸಾರಿಗೆ ವಾಹನ ನಡೆಸಲು 20 ವರ್ಷ ತುಂಬಿರಬೇಕು. ದೊಡ್ಡ ಲಾರಿಯ ಕಲಿಕಾ ಲೈಸೆನ್ಸು ಕೇಳುವವನು ಅದಕ್ಕೂ ಮೊದಲು ಕನಿಷ್ಠ ಒಂದು ವರ್ಷ ಲಘು ವಾಹನದ ಲೈಸೆನ್ಸು ಹೊಂದಿರಬೇಕು. ಆದುದರಿಂದ ಲಾರಿಯ ಯೋಚನೆ ಇರುವ ತರುಣರು 18 ತುಂಬಿದ ಕೂಡಲೆ ಲಘು ವಾಹನದ ಲೈಸೆನ್ಸು ಮಾಡಿಸಿಟ್ಟುಕೊಳ್ಳುವುದು ಉತ್ತಮ.

ಕಲಿಕಾ ಲೈಸೆನ್ಸು 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ಸಿಕ್ಕ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ವೈದ್ಯರ ಪ್ರಮಾಣಪತ್ರ ಮತ್ತು ಮಾನ್ಯತೆ ಪಡೆದ ಚಾಲನಾ ಶಾಲೆಯ ತರಬೇತಿ ಪತ್ರ ಬೇಕಾಗುತ್ತವೆ. ಕೊಪ್ಪಳ ಜಿಲ್ಲೆಯವರು ಕೊಪ್ಪಳದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಪೂರ್ಣ ವಿವರ ಕೇಳಿ ತಿಳಿಯಬಹುದು. ಸಾರಿಗೆ ವಾಹನದ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಚಾಲಕನು ಕನಿಷ್ಠ 8ನೆಯ ತರಗತಿ ಓದಿರಬೇಕೆಂಬ ಹಳೆಯ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಗಿದೆ. ಆದರೂ ರಸ್ತೆಯ ಫಲಕ, ಬಿಲ್ಲು, ಕರಾರು ಪತ್ರ ಓದುವಷ್ಟು ಅಕ್ಷರಜ್ಞಾನ ಇಲ್ಲದೆ ಈ ವೃತ್ತಿಯಲ್ಲಿ ಮುಂದೆ ಬರುವುದು ಕಷ್ಟ.

ಮಧ್ಯವರ್ತಿಗಳಿಗೆ ಹಣ ಕೊಟ್ಟು, ಪರೀಕ್ಷೆಯಲ್ಲಿ ವಾಹನ ನಡೆಸದೆ ಲೈಸೆನ್ಸು ಪಡೆಯುವ ಆಸೆಗೆ ಯಾರೂ ಬೀಳಕೂಡದು. ಹಾಗೆ ಉಳಿಸಿದ ಕಷ್ಟವನ್ನು ರಸ್ತೆಯ ಮೇಲೆ ತೀರಿಸಬೇಕಾಗುತ್ತದೆ. ಸರಿಯಾದ ಲೈಸೆನ್ಸು ಇಲ್ಲದ ಚಾಲಕನಿಂದ ಅಪಘಾತವಾದಲ್ಲಿ, ವಿಮಾ ಕಂಪನಿಯು ನೊಂದವರಿಗೆ ಕೊಟ್ಟ ಪರಿಹಾರವನ್ನು ವಾಹನದ ಮಾಲೀಕನಿಂದ ವಸೂಲು ಮಾಡುವ ಪ್ರಸಂಗ ಬರಬಹುದು.

ಚಿಕ್ಕದರಿಂದ ದೊಡ್ಡದಕ್ಕೆ

ಹೊಸಬನು ಒಮ್ಮೆಲೆ ಹತ್ತು ಗಾಲಿಯ ಲಾರಿ ಏರುವುದಕ್ಕಿಂತ ಹಂತಹಂತವಾಗಿ ಮೇಲೇರುವುದು ಕ್ಷೇಮ. ಒಟ್ಟು ತೂಕ 7,500 ಕಿಲೊ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲಿಯೇ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ತರಕಾರಿ, ಬಾಳೆಗೊನೆ, ಗೊಬ್ಬರ ಸಾಗಿಸುವ ಚಿಕ್ಕ ವಾಹನಗಳಲ್ಲಿ ಒಂದು ವರ್ಷ ದುಡಿದರೆ ಹೇರು ಕಟ್ಟುವ ಬಗೆ, ಪೇಟೆಯ ರೀತಿನೀತಿ, ರಾತ್ರಿಯ ರಸ್ತೆ ಇವೆಲ್ಲ ಪರಿಚಯವಾಗುತ್ತವೆ.

ಆ ಬಳಿಕ ಅನುಭವಿ ಚಾಲಕನೊಬ್ಬನ ಜೊತೆ ಕ್ಲೀನರಾಗಿ ಕೆಲವು ತಿಂಗಳು ಹೋಗಿಬರುವುದರಲ್ಲಿ ಸಣ್ಣತನವೇನೂ ಇಲ್ಲ. ಟಯರು ಬದಲಿಸುವುದು, ಗ್ರೀಸ್ ಹಾಕುವುದು, ತಾಡಪತ್ರಿ ಬಿಗಿಯುವುದು, ಎಂಜಿನ್ನಿನ ಸದ್ದಿನಲ್ಲಾದ ಬದಲಾವಣೆಯನ್ನು ಕಿವಿಯಿಂದಲೇ ಗುರುತಿಸುವುದು ಇವನ್ನೆಲ್ಲ ಕೈಯಿಂದ ಮಾಡಿಯೇ ಕಲಿಯಬೇಕು. ಯಾರ ಬಳಿ ಕಲಿಯಬೇಕೆಂಬುದನ್ನು ಮಾತ್ರ ನೋಡಿ ಆರಿಸಬೇಕು. ಕುಡಿದು ವಾಹನ ನಡೆಸುವ ಗುರುವಿಗಿಂತ ಗುರುವಿಲ್ಲದಿರುವುದೇ ಮೇಲು.

ಹೊರಡುವ ಮುನ್ನ

ಹೊಲಕ್ಕೆ ಹೋಗುವ ರೈತ ಎತ್ತಿನ ಕಾಲು, ಹೆಗಲು ನೋಡಿಯೇ ನೊಗ ಹೂಡುತ್ತಾನೆ. ಅದೇ ರೀತಿ ಚಾಲಕನು ಪ್ರತಿದಿನ ಹೊರಡುವ ಮುನ್ನ ಲಾರಿಯ ಸುತ್ತ ಒಂದು ಸುತ್ತು ಬಂದು ಈ ಕೆಳಗಿನವನ್ನು ಪರೀಕ್ಷಿಸಬೇಕು.

1. ಎಂಜಿನ್ ಆಯಿಲ್, ರೇಡಿಯೇಟರಿನ ನೀರು, ಡೀಸೆಲ್. ಲಾರಿ ನಿಂತ ಜಾಗದ ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿದೆಯೇ ಎಂಬುದನ್ನೂ ನೋಡಬೇಕು.

2. ಟಯರುಗಳ ಗಾಳಿ ಮತ್ತು ಸವೆತ. ಹಿಂದಿನ ಜೋಡಿ ಟಯರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೆ ತೆಗೆಯಬೇಕು. ಗಾಲಿಯ ನಟ್ಟುಗಳು ಬಿಗಿಯಾಗಿರಬೇಕು.

3. ಗಾಳಿಯ ಟ್ಯಾಂಕಿನಲ್ಲಿ ನೀರು ಸೇರಿದ್ದರೆ ಅದನ್ನು ಹೊರಬಿಡಬೇಕು. ಹೊರಟ ಮೇಲೆ ಮೊದಲ ನೂರು ಮೀಟರಿನೊಳಗೆ ಮೆಲ್ಲಗೆ ಹೋಗುತ್ತಿರುವಾಗಲೇ ಬ್ರೇಕ್ ಒತ್ತಿ ನೋಡಬೇಕು.

4. ಮುಂದಿನ ದೀಪ, ಹಿಂದಿನ ಕೆಂಪು ದೀಪ, ತಿರುವಿನ ದೀಪ, ಹೊಳೆಯುವ ಪಟ್ಟಿ, ಕನ್ನಡಿ, ವೈಪರ್.

5. ಗಾಲಿಗೆ ಕೊಡುವ ಮರದ ತುಂಡು, ಜಾಕ್, ಕೆಂಪು ತ್ರಿಕೋನ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ.

6. ಆರ್.ಸಿ., ವಿಮೆ, ಪರ್ಮಿಟ್, ಫಿಟ್‌ನೆಸ್, ತೆರಿಗೆ, ಹೊಗೆ ತಪಾಸಣೆ ಪತ್ರಗಳು ಮತ್ತು ಮಾಲಿನ ಬಿಲ್ಲುಗಳು. ಇ-ವೇ ಬಿಲ್ಲು ಬೇಕಾದ ಮಾಲಾದರೆ ಅದರ ಅವಧಿ ಎಂದು ಮುಗಿಯುತ್ತದೆಂದು ನೋಡಿಕೊಳ್ಳಬೇಕು.

ಇಷ್ಟಕ್ಕೆ ಹದಿನೈದು ನಿಮಿಷ ಸಾಕು.

ಹೇರಿನ ಲೆಕ್ಕ

ಸುಗ್ಗಿಯ ಕಾಲದಲ್ಲಿ ಹೊಸ ಚಾಲಕನ ಮೇಲೆ ಬರುವ ದೊಡ್ಡ ಒತ್ತಡವೆಂದರೆ ಹೆಚ್ಚು ಹೇರುವುದು. ಇದರ ಲೆಕ್ಕವನ್ನು ಚಾಲಕನೇ ಬಲ್ಲವನಾಗಿರಬೇಕು. ಆರ್.ಸಿ.ಯಲ್ಲಿ ಎರಡು ತೂಕಗಳು ನಮೂದಾಗಿರುತ್ತವೆ. ಒಂದು ಖಾಲಿ ವಾಹನದ ತೂಕ, ಇನ್ನೊಂದು ಮಾಲು ಸಹಿತ ಇರಬಹುದಾದ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹೇರಬಹುದಾದ ತೂಕ ಸಿಗುತ್ತದೆ.

ಉದಾಹರಣೆಗೆ, ಆರು ಗಾಲಿಯ ಲಾರಿಯೊಂದರ ಒಟ್ಟು ತೂಕ 18,500 ಕಿಲೊ, ಖಾಲಿ ತೂಕ 6,500 ಕಿಲೊ ಎಂದಿಟ್ಟುಕೊಳ್ಳೋಣ. ಹೇರಬಹುದಾದದ್ದು 12,000 ಕಿಲೊ. ಗಂಗಾವತಿ ಸೀಮೆಯಲ್ಲಿ ರೂಢಿಯಲ್ಲಿರುವ 75 ಕಿಲೊ ಭತ್ತದ ಚೀಲದ ಲೆಕ್ಕದಲ್ಲಿ ಇದು 160 ಚೀಲ. ಅದೇ ಲಾರಿಗೆ 200 ಚೀಲ ಹೇರಿದರೆ 15,000 ಕಿಲೊ ಆಗಿ 3 ಟನ್ ಹೆಚ್ಚಾಗುತ್ತದೆ. ಕಾಯ್ದೆಗೆ 2019ರಲ್ಲಾದ ತಿದ್ದುಪಡಿಯಂತೆ ಹೆಚ್ಚು ಹೇರಿದ್ದಕ್ಕೆ 20,000 ರೂ. ದಂಡ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂ. ಇದೆ. ಈ ಲೆಕ್ಕದಲ್ಲಿ 26,000 ರೂ. ಆಗುತ್ತದೆ. ಹೆಚ್ಚಿನ ಮಾಲನ್ನು ಅಲ್ಲಿಯೇ ಇಳಿಸಬೇಕಾಗಿಯೂ ಬರುತ್ತದೆ. 40 ಚೀಲದ ಬಾಡಿಗೆಯಿಂದ ಈ ನಷ್ಟ ತುಂಬಿ ಬಾರದು. ಟಯರು ಸಿಡಿಯುವುದು, ಪಟ್ಟಿ ಮುರಿಯುವುದು, ಬ್ರೇಕು ಸೋಲುವುದು ಇವು ದಂಡಕ್ಕಿಂತಲೂ ಕೆಟ್ಟವು.

ಹಸಿ ಭತ್ತ ತುಂಬಿದ ಚೀಲ ಒಣ ಭತ್ತದ ಚೀಲಕ್ಕಿಂತ ತೂಗುತ್ತದೆ. ಆದುದರಿಂದ ಚೀಲ ಎಣಿಸಿದ್ದನ್ನೇ ನಂಬದೆ ಕಾಟಾದಲ್ಲಿ ತೂಕ ಮಾಡಿಸಿ ಚೀಟಿ ಇಟ್ಟುಕೊಳ್ಳಬೇಕು. ಹುಲ್ಲಿನ ಹೇರಾದರೆ ತೂಕ ಕಡಿಮೆಯಿದ್ದರೂ ಎತ್ತರ ಹೆಚ್ಚು. ತಿರುವಿನಲ್ಲಿ ವಾಲುವ ಮತ್ತು ವಿದ್ಯುತ್ ತಂತಿಗೆ ತಾಗುವ ಭಯವಿದೆ. ಜೋತುಬಿದ್ದ ತಂತಿ ಕಂಡರೆ ಕೋಲಿನಿಂದ ಎತ್ತುವ ಸಾಹಸ ಮಾಡದೆ ಬೇರೆ ದಾರಿ ಹಿಡಿಯಬೇಕು.

ಮಾಲಿನ ಮೇಲೆ ಜನರನ್ನು ಎಂದಿಗೂ ಕೂರಿಸಕೂಡದು. 2025ರ ಜನವರಿ 22ರಂದು ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನಲ್ಲಿ, ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು ತರಕಾರಿ ಒಯ್ಯುತ್ತಿದ್ದ ಲಾರಿಯೊಂದು ಕಂದಕಕ್ಕೆ ಉರುಳಿ, ಅದರಲ್ಲಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಪ್ರಾಣ ಕಳೆದುಕೊಂಡರು. ನಾಟಿಗೆ, ಕೊಯ್ಲಿಗೆ ಹೋಗುವ ಕೂಲಿಕಾರರು, ಜಾತ್ರೆಗೆ ಹೊರಟ ಊರವರು ‘ಇಷ್ಟೇ ದೂರ ಬಿಡಪ್ಪ’ ಎಂದು ಕೇಳುವುದುಂಟು. ಬೇಸರವಾದರೂ ಆಗಲಿ, ಇಲ್ಲವೆನ್ನುವುದೇ ಅವರಿಗೆ ಮಾಡುವ ಉಪಕಾರ.

ರಸ್ತೆಯ ಮೇಲೆ

ಹನುಮನಹಳ್ಳಿಯಿಂದ ಹೊರಟ ಲಾರಿಯು ಮೊದಲು ಬಂಡೆಗುಡ್ಡಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಸಾಗಬೇಕು. ಅಂಜನಾದ್ರಿಗೆ ಶನಿವಾರ ಮತ್ತು ಹಬ್ಬದ ದಿನಗಳಲ್ಲಿ ಜನಸಂದಣಿ ಹೆಚ್ಚು. ಮಾರ್ಗಶಿರದಲ್ಲಿ ಹನುಮಮಾಲೆ ಧರಿಸಿದ ಭಕ್ತರು ಗುಂಪುಗುಂಪಾಗಿ ರಸ್ತೆಯ ಮೇಲಿರುತ್ತಾರೆ. ಮುಂಗಾರಿನ ಭತ್ತದ ಸುಗ್ಗಿಯೂ ಆಗಲೇ. ಇಲ್ಲಿ ವೇಗಕ್ಕಿಂತ ತಾಳ್ಮೆ ಮುಖ್ಯ.

ಸುಗ್ಗಿಯಲ್ಲಿ ರೈತರು ರಸ್ತೆಯ ಅರ್ಧಭಾಗದಲ್ಲಿ ಭತ್ತ, ಮೆಕ್ಕೆಜೋಳ ಒಣಹಾಕಿ ಅಂಚಿಗೆ ಕಲ್ಲು ಇಡುವುದುಂಟು. ರಾತ್ರಿ ಈ ಕಲ್ಲುಗಳು ಕಾಣುವುದಿಲ್ಲ. ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಗಾಲಿ ಜಾರುತ್ತದೆ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳೂ ಎದುರಾಗುತ್ತವೆ. ಸ್ವತಃ ರೈತನಾದ ಚಾಲಕನು ಇವನ್ನು ಮೊದಲೇ ಊಹಿಸಬಲ್ಲನು. ತನ್ನ ಊರಿನವರಿಗೆ ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸುವಂತೆಯೂ ಅವನೇ ಹೇಳಬೇಕು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗುವುದುಂಟು. ಸೇತುವೆಯ ಮೇಲೆ ನೀರು ಎಷ್ಟೇ ತೆಳುವಾಗಿ ಕಂಡರೂ ದಾಟಕೂಡದು.

ಕೊಪ್ಪಳ, ಹುಬ್ಬಳ್ಳಿಯ ಮೇಲೆ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಸಿಗುತ್ತದೆ. ಬಯಲುಸೀಮೆಯ ಚಾಲಕನಿಗೆ ಘಟ್ಟವೇ ನಿಜವಾದ ಪರೀಕ್ಷೆ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಚಾಲಕರ ಸೂತ್ರ. ಇಳಿಜಾರು ಆರಂಭವಾಗುವ ಮೊದಲೇ ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ವಾಹನವನ್ನು ಇಡಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಪೂರ್ತಿ ಭಾರವನ್ನು ಬ್ರೇಕೇ ಹೊರಬೇಕಾಗುತ್ತದೆ. ಸತತವಾಗಿ ಒತ್ತಿದ ಬ್ರೇಕು ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ತಡೆ ಕೊಟ್ಟು ಆರಲು ಬಿಡಬೇಕು.

ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಗುಂಪಿನಿಂದ ಪ್ರಾಣಭಯವಿದ್ದರೆ ನೇರವಾಗಿ ಹತ್ತಿರದ ಠಾಣೆಗೆ ಹೋಗಿ ಹಾಜರಾಗಬೇಕು. 112ಕ್ಕೆ ಕರೆ ಮಾಡಿದರೆ ಪೊಲೀಸ್ ನೆರವು, 108ಕ್ಕೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ನಿದ್ದೆ ಮತ್ತು ಆರೋಗ್ಯ

ನಡುರಾತ್ರಿ ಕಳೆದು ಬೆಳಗಿನ ಜಾವದವರೆಗೆ ದೇಹವು ನಿದ್ದೆಯನ್ನೇ ಬೇಡುತ್ತದೆ. 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ ಲಾರಿ 50 ಮೀಟರ್ ಹೋಗಿರುತ್ತದೆ. ಚಹಾ, ಗುಟ್ಕಾ, ಬೀಡಿ ನಿದ್ದೆಗೆ ಪರಿಹಾರವಲ್ಲ. ನಿದ್ದೆಗೆ ನಿದ್ದೆಯೇ ಮದ್ದು. ಪದೇಪದೇ ಆಕಳಿಕೆ ಬರುವುದು, ದಾಟಿ ಬಂದ ಊರು ನೆನಪಾಗದಿರುವುದು, ಲಾರಿ ರಸ್ತೆಯ ಅಂಚಿಗೆ ಸರಿಯುವುದು ಇವು ಎಚ್ಚರಿಕೆಯ ಗುರುತುಗಳು. ಕೂಡಲೆ ಹೆದ್ದಾರಿಯಿಂದ ಆಚೆ, ಪೆಟ್ರೋಲ್ ಬಂಕ್ ಅಥವಾ ಢಾಬಾದ ಅಂಗಳದಲ್ಲಿ ನಿಲ್ಲಿಸಿ ಮಲಗಬೇಕು. ರಸ್ತೆಯ ಅಂಚಿನಲ್ಲಿ ದೀಪವಿಲ್ಲದೆ ನಿಲ್ಲಿಸಿದ ಲಾರಿ ಹಿಂದೆ ಬರುವವರ ಪಾಲಿಗೆ ಗೋಡೆಯಿದ್ದಂತೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದೂ, ಸತತ 5 ಗಂಟೆಯ ಕೆಲಸದ ಬಳಿಕ ಅರ್ಧ ಗಂಟೆ ಬಿಡುವೆಂದೂ ಗೊತ್ತುಮಾಡಿತ್ತು. ಈ ಅಳತೆಯನ್ನು ಚಾಲಕನು ತನ್ನ ಮೈಗೆ ತಾನೇ ಹಾಕಿಕೊಳ್ಳುವುದು ಒಳ್ಳೆಯದು. ವರ್ಷಕ್ಕೊಮ್ಮೆ ಕಣ್ಣು, ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಬೇಕು. ಮನೆಯ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡರೆ ಖರ್ಚೂ ಉಳಿಯುತ್ತದೆ, ಹೊಟ್ಟೆಯೂ ಕೆಡುವುದಿಲ್ಲ. ಕುಡಿತ ಈ ವೃತ್ತಿಗೆ ಹೊಂದುವುದಿಲ್ಲ, ರಾತ್ರಿ ಕುಡಿದದ್ದು ಬೆಳಗಿನ ಹೊತ್ತಿಗೂ ರಕ್ತದಲ್ಲಿ ಉಳಿದಿರಬಹುದು.

ಸಂಬಳದ ಕರಾರು ಮತ್ತು ಭದ್ರತೆ

ಕೆಲಸಕ್ಕೆ ಸೇರುವ ದಿನವೇ ಮಾಲೀಕನೊಡನೆ ಈ ವಿಷಯಗಳನ್ನು ಮಾತಾಡಿ, ಸಾಧ್ಯವಾದರೆ ಬರೆದಿಟ್ಟುಕೊಳ್ಳಬೇಕು: ತಿಂಗಳ ಸಂಬಳ ಎಷ್ಟು, ದಿನದ ಬಾಟಾ ಎಷ್ಟು, ಲಾರಿ ನಿಂತ ದಿನ ಏನು ಕೊಡುತ್ತಾರೆ, ಟೋಲು, ಹಮಾಲಿ, ಟಯರಿನ ಖರ್ಚು ಯಾರದು, ಹೆಚ್ಚು ಹೇರಿದ್ದಕ್ಕೆ ದಂಡ ಬಿದ್ದರೆ ಯಾರು ಕಟ್ಟಬೇಕು. ಪ್ರತಿ ಪ್ರಯಾಣದ ಜಮಾ ಖರ್ಚನ್ನು ಒಂದು ವಹಿಯಲ್ಲಿ ಬರೆಯಬೇಕು. ಮುಂಗಡ ಹಣ ಹೆಚ್ಚು ಪಡೆದಷ್ಟೂ, ತಪ್ಪು ಕೆಲಸಕ್ಕೆ ಒಲ್ಲೆನೆನ್ನುವ ಬಲ ಕಡಿಮೆಯಾಗುತ್ತದೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂ. ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ ರೂ. ವಿಮೆ ಇದೆ. ರಾಜ್ಯದ ಕಾರ್ಮಿಕ ಇಲಾಖೆಯು ಖಾಸಗಿ ವಾಣಿಜ್ಯ ವಾಹನಗಳ ಚಾಲಕರು, ಕ್ಲೀನರುಗಳಿಗಾಗಿ ಅಪಘಾತ ಪರಿಹಾರ ಯೋಜನೆ ನಡೆಸುತ್ತಿದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಹೆಸರು ನೋಂದಾಯಿಸಬೇಕು, ಅದರ ಕಾಗದಗಳು ಎಲ್ಲಿವೆಯೆಂದು ಮನೆಯವರಿಗೂ ತಿಳಿಸಿರಬೇಕು.

ಸ್ವಂತ ಲಾರಿ ಕೊಳ್ಳುವ ಮುನ್ನ

ಎರಡು ವರ್ಷ ಓಡಿಸಿದ ಮೇಲೆ ಸ್ವಂತ ಲಾರಿಯ ಆಸೆ ಸಹಜ. ಆದರೆ ಲೆಕ್ಕ ಹಾಕದೆ ಹೊಲ ಒತ್ತೆಯಿಡಬಾರದು. 20 ಲಕ್ಷ ರೂ. ಸಾಲವನ್ನು ಶೇಕಡಾ 12ರ ಬಡ್ಡಿಯಲ್ಲಿ 5 ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 44,500 ರೂ. ಆಗುತ್ತದೆ. ಒಟ್ಟು ಕಟ್ಟುವುದು ಸುಮಾರು 26 ಲಕ್ಷ 70 ಸಾವಿರ. ವಿಮೆ, ತೆರಿಗೆ, ಟಯರು, ರಿಪೇರಿ ಬೇರೆ. ಲಾರಿ ಓಡಿದರೂ ನಿಂತರೂ ಕಂತು ನಿಲ್ಲುವುದಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಡ. ಹೊಸಪೇಟೆ, ಸಂಡೂರು ಭಾಗದಲ್ಲಿ ಕಬ್ಬಿಣದ ಅದಿರಿನ ಭರಾಟೆ ಇದ್ದಾಗ ಸುತ್ತಣ ಹಳ್ಳಿಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರು ಅನೇಕರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮರುವರ್ಷ ಮತ್ತೆ ಅನುಮತಿ ಸಿಕ್ಕಿದ್ದೂ ಕೆಲವೇ ಗಣಿಗಳಿಗೆ. ಅದಿರನ್ನೇ ನಂಬಿದ್ದ ಲಾರಿಗಳು ಸಾಲುಸಾಲಾಗಿ ನಿಂತವು, ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡವರೂ ಉಂಟು. ಒಂದೇ ಮಾಲನ್ನು, ಒಬ್ಬನೇ ಬಾಡಿಗೆದಾರನನ್ನು ನಂಬಿ ಲಾರಿ ಕೊಳ್ಳುವುದು ಒಂದೇ ಮಳೆಯನ್ನು ನಂಬಿ ಬಿತ್ತಿದಂತೆ. ಕೊಳ್ಳಲೇಬೇಕೆಂದಿದ್ದರೆ ಆರು ತಿಂಗಳ ಕಂತಿನಷ್ಟು ಹಣ ಕೂಡಿಟ್ಟುಕೊಂಡು, ವರ್ಷದ ಎಲ್ಲ ಋತುಗಳಲ್ಲಿ ಬಾಡಿಗೆ ಎಲ್ಲಿಂದ ಬರುವುದೆಂದು ವಿಚಾರಿಸಿ ಮುಂದುವರಿಯಬೇಕು.

ಚಾಲಕನಾದವನು ಬೇಸಾಯದ ಕೈ ಬಿಡಬೇಕಾಗಿಲ್ಲ. ಮನೆಯವರು ಹೊಲ ನೋಡಿಕೊಂಡು, ನಾಟಿ ಮತ್ತು ಕೊಯ್ಲಿನ ದಿನಗಳಿಗೆ ಅವನು ರಜೆ ಪಡೆದು ಬರುವಂತೆ ಮೊದಲೇ ಕರಾರು ಮಾಡಿಕೊಳ್ಳಬಹುದು. ನೀರು ಬಂದ ವರ್ಷ ಹೊಲ, ಬಾರದ ವರ್ಷ ಲಾರಿ ಸಂಸಾರವನ್ನು ಹೊರುತ್ತದೆ. ಹೇರು, ವೇಗ, ನಿದ್ದೆ, ಸಾಲ ಈ ನಾಲ್ಕರ ಮಿತಿಯನ್ನು ಮೊದಲ ದಿನದಿಂದಲೇ ಅರಿತು ನಡೆದ ತರುಣನಿಗೆ ಈ ವೃತ್ತಿಯಲ್ಲಿ ಕೆಲಸದ ಕೊರತೆಯಾಗಲಾರದು.